ಗಾಲಿಕುರ್ಚಿಯ ವಿದ್ಯಾರ್ಥಿನಿ ಮತ್ತು ಕರುಣರಸ

ಸಾಂಖ್ಯಶಾಸ್ತ್ರದಲ್ಲಿ ಪಂಗ್ವಂಧನ್ಯಾಯವೆಂಬ ದೃಷ್ಟಾಂತವೊಂದುಂಟು. ನಡೆಯಲಾರದವನೊಬ್ಬನು ನೋಡಲಾರದವನ ಹೆಗಲನ್ನೇರುವನು; ಒಬ್ಬನ ಕಣ್ಣು, ಮತ್ತೊಬ್ಬನ ಕಾಲು ಕೂಡಿ ಇಬ್ಬರೂ ದಾರಿ ಸಾಗುವರು. ಪ್ರಕೃತಿಪುರುಷರ ಸಂಬಂಧವನ್ನು ತಿಳಿಸುವುದಕ್ಕೆ ಈ ಮಾತು ಬಹು ಸೊಗಸಾಗಿ ಒಪ್ಪುವುದು. ಆದರೆ ಲೋಕವ್ಯವಹಾರದಲ್ಲಿ ಇಂತಹ ಮಾತುಗಳಿಂದ ಒಂದು ತಪ್ಪು ಭಾವನೆಯೂ ಬೇರೂರಿದೆ. ನಡೆಯಲಾರದವನಿಗೆ ಇನ್ನೊಬ್ಬರ ಹೆಗಲೇ ಗತಿ, ಹೊರುವವರಿಗೆ ಪುಣ್ಯ, ಹೊರಿಸಿಕೊಳ್ಳುವವನಿಗೆ ಕೃತಜ್ಞತೆ ಎಂಬುದೇ ಆ ಭಾವನೆ. ಭಗವತ್ಕೃಪೆಯು ಹೆಳವನನ್ನೂ ಬೆಟ್ಟ ದಾಟಿಸುವುದೆಂದು ಭಕ್ತರು ಹೇಳುವರು. ಬೆಟ್ಟದ ಮಾತು ಹಾಗಿರಲಿ; ಪಾಠದ ಕೊಠಡಿಯ ಮುಂದಿರುವ ಮೂರು ಮೆಟ್ಟಲುಗಳನ್ನು ದಾಟುವುದು ಹೇಗೆ ಎಂಬುದು ವಿದ್ಯಾರ್ಥಿಯ ಪ್ರಶ್ನೆ. ಆ ಮೆಟ್ಟಲುಗಳನ್ನು ಕಟ್ಟಿದವನು ದೇವರಲ್ಲ, ಮೇಸ್ತ್ರಿ. ಆದುದರಿಂದ ಉತ್ತರವನ್ನು ಕೃಪೆಯಲ್ಲಿ ಹುಡುಕದೆ ಕಟ್ಟಡದ ನಕ್ಷೆಯಲ್ಲಿ ಹುಡುಕಬೇಕಾಗಿದೆ.

ಈ ವಿಷಯವನ್ನು ಮನಸ್ಸಿಗೆ ನಾಟುವಂತೆ ತಿಳಿಸುವ ಗ್ರಂಥವೊಂದು ಇಂಗ್ಲಿಷಿನಲ್ಲಿದೆ. ಅಮೆರಿಕದ ಜೂಡಿತ್ ಹ್ಯೂಮನ್ ಅವರು ಕ್ರಿಸ್ಟನ್ ಜಾಯ್ನರ್ ಎಂಬವರೊಡನೆ ಬರೆದು ೨೦೨೦ರಲ್ಲಿ ಪ್ರಕಟಿಸಿದ ‘ಬೀಯಿಂಗ್ ಹ್ಯೂಮನ್’ ಎಂಬ ಆತ್ಮಕಥೆಯೇ ಅದು. ಗ್ರಂಥಕರ್ತ್ರಿಯ ಮನೆತನದ ಹೆಸರೂ ಇಂಗ್ಲಿಷಿನಲ್ಲಿ ಮನುಷ್ಯನೆಂಬರ್ಥದ ಶಬ್ದವೂ ಕಿವಿಗೆ ಒಂದೇ ಆಗಿ ಕೇಳುವುದರಿಂದ, ಹ್ಯೂಮನ್ ಆಗಿರುವುದು ಎಂದರೂ ಮನುಷ್ಯಳಾಗಿರುವುದು ಎಂದರೂ ಒಂದೇ ಮಾತಾಯಿತು. ಈ ಶ್ಲೇಷವು ಬರಿಯ ಚಮತ್ಕಾರವಲ್ಲ. ಗ್ರಂಥದ ವಾದವೆಲ್ಲವೂ ಅದರಲ್ಲಿ ಅಡಗಿದೆ. ೨೦೨೩ರ ಮಾರ್ಚಿಯಲ್ಲಿ ಗ್ರಂಥಕರ್ತ್ರಿಯು ಕಾಲವಾದುದರಿಂದ ಈ ಕೃತಿಯನ್ನು ಈಗ ಪೂರ್ಣವಾದ ಒಂದು ಜೀವನದ ಸಾಕ್ಷ್ಯವೆಂದೇ ಓದಬೇಕಾಗಿದೆ. ಅದರಲ್ಲಿ ರಾಜಕೀಯ ಹೋರಾಟದ ಭಾಗವು ಹೆಚ್ಚು ಪ್ರಸಿದ್ಧವಾಗಿದೆ. ವಿದ್ಯಾರ್ಥಿದೆಶೆಯನ್ನು ವರ್ಣಿಸುವ ಭಾಗವು ಚಿಕ್ಕದು. ಆದರೆ ಸಾಹಿತ್ಯದೃಷ್ಟಿಯಿಂದ ಅದೇ ಹೆಚ್ಚು ವಿಚಾರಕ್ಕೆ ಯೋಗ್ಯವಾದುದು.

ಕಥೆಯ ಸಾರವನ್ನು ಮೊದಲು ತಿಳಿಯುವುದು ಒಳ್ಳೆಯದು. ಜೂಡಿತ್ ಹುಟ್ಟಿದುದು ೧೯೪೭ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ. ಬೆಳೆದುದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ತಂದೆತಾಯಿಗಳು ನಾಜಿಗಳ ಕಾಲದಲ್ಲಿ ಜರ್ಮನಿಯನ್ನು ಬಿಟ್ಟುಬಂದ ಯೆಹೂದ್ಯರು. ಹದಿನೆಂಟು ತಿಂಗಳ ಮಗುವಾಗಿದ್ದಾಗ ಪೋಲಿಯೋ ಬಂದು ಕಾಲುಗಳು ಸ್ವಾಧೀನ ತಪ್ಪಿದುವು. ಕೈಗಳಲ್ಲಿಯೂ ಬಲ ಕುಗ್ಗಿತು. ಐದನೆಯ ವಯಸ್ಸಿನಲ್ಲಿ ತಾಯಿಯು ಮಗಳನ್ನು ಶಾಲೆಗೆ ಕರೆದೊಯ್ದರೆ, ಗಾಲಿಕುರ್ಚಿಯ ಮಗುವಿನಿಂದ ಬೆಂಕಿ ಬಿದ್ದ ಸಮಯದಲ್ಲಿ ಅಪಾಯವೆಂದು ಹೇಳಿ ಮುಖ್ಯೋಪಾಧ್ಯಾಯನು ಹಿಂದಕ್ಕೆ ಕಳುಹಿಸಿದನು. ಅನಂತರ ವಾರಕ್ಕೆ ಒಟ್ಟು ಎರಡೂವರೆ ಗಂಟೆಯ ಹೊತ್ತು ಮನೆಗೆ ಬಂದು ಕಲಿಸುವ ಉಪಾಧ್ಯಾಯಿನಿಯೊಬ್ಬಳನ್ನು ಗೊತ್ತುಮಾಡಿದರು. ಒಂಬತ್ತನೆಯ ವಯಸ್ಸಿನಲ್ಲಿ ಶಾಲೆಯ ಬಾಗಿಲು ತೆರೆಯಿತು. ಆದರೆ ಅದು ಅಂಗವಿಕಲ ಮಕ್ಕಳಿಗಾಗಿಯೇ ನೆಲಮಾಳಿಗೆಯಲ್ಲಿ ಏರ್ಪಡಿಸಿದ್ದ ತರಗತಿ. ಇತರ ಮಕ್ಕಳೆಲ್ಲ ಮೇಲೆ, ಇವರು ಕೆಳಗೆ. ಇದಕ್ಕಿಂತ ಮೊದಲು, ಗೆಳತಿಯೊಡನೆ ಮಿಠಾಯಿ ಅಂಗಡಿಗೆ ಹೋಗುತ್ತಿದ್ದಾಗ ಬೀದಿಯ ಹುಡುಗನೊಬ್ಬನು ಎದುರಿಗೆ ನಿಂತು ‘ನಿನಗೆ ಕಾಯಿಲೆಯೆ?’ ಎಂಬರ್ಥದ ಪ್ರಶ್ನೆ ಕೇಳಿದ್ದನು. ಅದುವರೆಗೆ ತನ್ನನ್ನು ಎಲ್ಲರಂತೆ ಒಬ್ಬ ಹುಡುಗಿಯೆಂದು ತಿಳಿದಿದ್ದ ಜೂಡಿ ಅಂದಿನಿಂದ ಇತರರ ಕಣ್ಣಿನಲ್ಲಿ ತಾನು ಹೇಗೆ ಕಾಣುವೆನೆಂಬುದನ್ನು ಕಲಿಯತೊಡಗಿದಳು. ಆ ಹುಡುಗನಲ್ಲಿ ದುಷ್ಟತನವಿರಲಿಲ್ಲ. ಅವನು ಕೇಳಿದ ಮಾತನ್ನೇ ಮುಂದೆ ಪ್ರಾಧ್ಯಾಪಕರೂ ವೈದ್ಯರೂ ಅಧಿಕಾರಿಗಳೂ ಹೆಚ್ಚು ಸಭ್ಯವಾದ ಭಾಷೆಯಲ್ಲಿ ಕೇಳುತ್ತ ಹೋಗುವರು.

ಪ್ರೌಢಶಾಲೆಯ ಪದವಿಪ್ರದಾನದ ದಿನದ ಪ್ರಸಂಗವು ಕಾಲೇಜಿನ ಕಥೆಗೆ ನಾಂದಿಯಂತಿದೆ. ಅಂದು ಆಕೆಗೆ ಬಹುಮಾನವೊಂದು ಸಲ್ಲಬೇಕಾಗಿತ್ತು, ವೇದಿಕೆಗೆ ಮೆಟ್ಟಲುಗಳು. ತಂದೆಯು ಮಗಳ ಕುರ್ಚಿಯನ್ನು ಎಳೆದು ಮೇಲೇರಿಸಲು ಸಿದ್ಧನಾಗಿ ಬಂದರೆ, ವೇದಿಕೆಗೆ ಬರುವುದು ಬೇಡ, ಕೆಳಗೆ ಕುಳಿತಲ್ಲಿಯೇ ಬಹುಮಾನ ಕೊಡುವೆವೆಂದು ಮುಖ್ಯೋಪಾಧ್ಯಾಯನು ತಡೆದನು. ತಂದೆಯು ಬಿಡಲಿಲ್ಲ. ಕಣ್ಣೀರು ಸುರಿಸುತ್ತಿದ್ದ ಹುಡುಗಿಯು ಕೊನೆಗೆ ವೇದಿಕೆಯನ್ನೇರಿದಳು. ಆದರೂ ಆಕೆಯನ್ನು ಹಿಂಬದಿಯಲ್ಲಿಯೇ ಇರಿಸಿದರು. ಸಾಮಾನ್ಯ ಲೇಖಕನ ಕೈಗೆ ಈ ಪ್ರಸಂಗವು ಸಿಕ್ಕಿದ್ದರೆ ತಂದೆಯ ವಾತ್ಸಲ್ಯವನ್ನು ಹತ್ತು ಪುಟ ಹಿಗ್ಗಿಸಿ ಸಭಿಕರೆಲ್ಲರ ಕಣ್ಣಿನಲ್ಲಿ ನೀರು ತರಿಸುತ್ತಿದ್ದನು. ಇಲ್ಲಿ ಹಾಗಾಗಿಲ್ಲ. ಯಾರು ಏನೆಂದರು, ಯಾರು ಎಲ್ಲಿ ನಿಂತರು ಎಂಬಷ್ಟನ್ನೇ ಹೇಳಿ ಲೇಖನಿಯು ಮುಂದೆ ಸಾಗುವುದು. ವಾಚಕನಿಗೆ ಅಳುವುದಕ್ಕೆ ಅವಕಾಶವಿಲ್ಲ. ಯೋಚಿಸುವುದಕ್ಕೆ ಮಾತ್ರ ಅವಕಾಶವಿದೆ.

ಬ್ರೂಕ್ಲಿನ್ನಿನ ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯವನ್ನು ಸೇರಿ ೧೯೬೯ರಲ್ಲಿ ಪದವಿ ಪಡೆದುದು ಮುಂದಿನ ಘಟ್ಟ. ಆಗಿನ ಅಮೆರಿಕದಲ್ಲಿ ಗಾಲಿಕುರ್ಚಿಯ ವಿದ್ಯಾರ್ಥಿಗೆ ಎಡೆಕೊಡಬೇಕೆಂದು ಕಾಲೇಜುಗಳನ್ನು ಕಟ್ಟುಪಡಿಸುವ ರಾಷ್ಟ್ರದ ಕಾನೂನು ಇರಲಿಲ್ಲ. ಪಾಠವಾಗುವ ಕಟ್ಟಡಗಳಿಗೆ ಮೆಟ್ಟಲು, ವಸತಿಗೃಹದಲ್ಲಿ ಮೆಟ್ಟಲು. ಹಾಸಿಗೆಯಿಂದ ಏಳುವುದಕ್ಕೆ, ಉಡುಪು ತೊಡುವುದಕ್ಕೆ, ಶೌಚಕ್ಕೆ ಹೋಗುವುದಕ್ಕೆ, ಕುರ್ಚಿಯನ್ನು ತಳ್ಳುವುದಕ್ಕೆ, ಮೆಟ್ಟಲ ಬಳಿ ಅದನ್ನು ಎತ್ತುವುದಕ್ಕೆ, ಎಲ್ಲಕ್ಕೂ ಇನ್ನೊಬ್ಬರನ್ನು ಕೇಳಬೇಕು. ಇತರ ವಿದ್ಯಾರ್ಥಿನಿಯರಿಗೆ ಕಾಲೇಜಿನ ದಿನವು ಪಾಠದಿಂದ ಪ್ರಾರಂಭವಾದರೆ ಈಕೆಗೆ ಯಾಚನೆಯಿಂದ ಪ್ರಾರಂಭವಾಗುವುದು. ಇಂದು ಯಾರನ್ನು ಕೇಳುವುದು, ನಿನ್ನೆ ಕೇಳಿದವರನ್ನೇ ಇಂದೂ ಕೇಳಿದರೆ ಬೇಸರಪಟ್ಟಾರೆ, ರಾತ್ರಿ ಹೊತ್ತುಮೀರಿದ ಮೇಲೆ ಯಾರನ್ನು ಎಬ್ಬಿಸುವುದು, ಈ ಲೆಕ್ಕಾಚಾರವು ಗಣಿತದ ಯಾವ ಪಾಠಕ್ಕಿಂತಲೂ ಕಷ್ಟವಾದುದು. ದೇಹದ ದಣಿವಿಗಿಂತ ಹೆಚ್ಚಾದ ಈ ದಣಿವನ್ನು ಗುರುತಿಸಿರುವುದೇ ಈ ಭಾಗದ ಮುಖ್ಯವಾದ ಗುಣ. ಒಂದು ಸಲ ಸಹಾಯ ಪಡೆದವನು ಒಂದು ಸಲ ಕೃತಜ್ಞನಾದರೆ ಸಾಕು. ದಿನಕ್ಕೆ ಇಪ್ಪತ್ತು ಸಲ ಸಹಾಯ ಪಡೆಯಬೇಕಾದವನು ದಿನವೆಲ್ಲ ಕೃತಜ್ಞನಾಗಿಯೇ ಇರಬೇಕು. ಅವನಿಗೆ ಕೋಪ ಬರಕೂಡದು, ಬೇಸರ ಬರಕೂಡದು, ಸ್ನೇಹಿತರೊಡನೆ ಜಗಳವಾಡುವ ಸಾಮಾನ್ಯವಾದ ಹಕ್ಕೂ ಇರಕೂಡದು.

ಇದೇ ಭಾಗದಲ್ಲಿ ಬರುವ ಮತ್ತೊಂದು ಪ್ರಸಂಗವು ಚಿಕ್ಕದಾದರೂ ಮರೆಯಲಾಗದುದು. ವಸತಿಗೃಹದಲ್ಲಿ ತರುಣನೊಬ್ಬನು ಬಾಗಿಲು ತಟ್ಟುವನು. ಗೆಳೆಯನೊಬ್ಬನ ಜೊತೆಗೆ ವಿಹಾರಕ್ಕೆ ಬರಲು ಹುಡುಗಿಯೊಬ್ಬಳು ಬೇಕಾಗಿದ್ದಾಳೆ. ಬಾಗಿಲಲ್ಲಿ ಕುಳಿತಿರುವ ಜೂಡಿತ್‌ಳನ್ನೇ ನೋಡುತ್ತ, ಬರುವವರು ಯಾರಾದರೂ ಗೊತ್ತೆ ಎಂದು ಆಕೆಯನ್ನೇ ಕೇಳುವನು. ಆಕೆಯೂ ಒಬ್ಬ ಹುಡುಗಿಯೆಂಬುದು ಅವನಿಗೆ ಹೊಳೆಯಲೇ ಇಲ್ಲ. ನಿಂದೆಯಿಲ್ಲ, ಅಪಹಾಸ್ಯವಿಲ್ಲ, ಕಣ್ಣೆದುರಿನಲ್ಲಿದ್ದವಳು ಲೆಕ್ಕಕ್ಕೆ ಬಾರದೆ ಹೋದಳು, ಅಷ್ಟೆ. ಮೆಟ್ಟಲುಗಳು ಕಲ್ಲಿನಲ್ಲಿ ಮಾತ್ರವೇ ಇರುವುವೆಂದು ತಿಳಿದ ವಾಚಕನಿಗೆ ಅವು ಮನಸ್ಸಿನಲ್ಲಿಯೂ ಇರುವುವೆಂಬುದು ಇಲ್ಲಿ ತಿಳಿಯುವುದು. ಗ್ರಂಥಕರ್ತ್ರಿಯು ಈ ಮಾತನ್ನು ವ್ಯಾಖ್ಯಾನಮಾಡಿ ಹೇಳಬೇಕಾಗಿಲ್ಲ, ಪ್ರಸಂಗವೇ ಹೇಳುವುದು. ಆಲಂಕಾರಿಕರು ಧ್ವನಿಯೆಂದು ಹೊಗಳುವ ಗುಣಕ್ಕೆ ಇದು ಒಳ್ಳೆಯ ಉದಾಹರಣೆ.

ಇಂತಹ ವಸ್ತುವಿಗೆ ಯಾವ ರಸವು ಉಚಿತ? ಈ ಪ್ರಶ್ನೆಗೆ ಬಹುಮಂದಿಯ ಉತ್ತರ ಸಿದ್ಧವಾಗಿದೆ: ಕರುಣರಸ. ನಡೆಯಲಾರದವರನ್ನು ಕುರಿತ ಕಥೆಗಳಲ್ಲಿ ಹೆಚ್ಚಿನವು ಆ ಜಾಡಿನಲ್ಲಿಯೇ ಸಾಗುವುವು. ಅವುಗಳ ಸಂವಿಧಾನವನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಂದು ವಿಚಿತ್ರವು ಕಾಣುವುದು. ಕಥೆಯು ನಡೆಯಲಾರದವನ ಹೆಸರಿನಲ್ಲಿದ್ದರೂ ನಾಯಕನು ಅವನಲ್ಲ. ಅವನನ್ನು ಎತ್ತಿಕೊಂಡು ಹೋದ ಗೆಳೆಯನೋ ಗುರುವೋ ನಿಜವಾದ ನಾಯಕನು. ಶಾಸ್ತ್ರಕಾರರು ವೀರರಸದ ಭೇದಗಳಲ್ಲಿ ದಯಾವೀರವನ್ನೂ ಹೇಳಿರುವರಷ್ಟೆ. ಹೊತ್ತವನಿಗೆ ವೀರಪದವಿ, ಹೊರಿಸಿಕೊಂಡವನಿಗೆ ಆಲಂಬನವಾಗುವ ಭಾಗ್ಯ. ವಾಚಕನಾದರೋ ತನ್ನ ಹೃದಯವು ಕರಗಿತೆಂದು ಸಂತೋಷಪಟ್ಟು ಪುಸ್ತಕವನ್ನು ಮುಚ್ಚುವನು. ಮೆಟ್ಟಲುಗಳು ಇದ್ದಲ್ಲಿಯೇ ಇರುವುವು.

ಕರುಣವೇ ಕಾವ್ಯದ ಮೂಲವಲ್ಲವೆ, ಆದಿಕವಿಯ ಶೋಕವಲ್ಲವೆ ಶ್ಲೋಕವಾದದ್ದು ಎಂದು ಇದಕ್ಕೆ ಆಕ್ಷೇಪವನ್ನೆತ್ತಬಹುದು. ಆಕ್ಷೇಪವು ಗೌರವಕ್ಕೆ ಅರ್ಹವಾದುದೇ. ಆದರೆ ಆ ಪ್ರಸಂಗವನ್ನು ಪೂರ್ತಿಯಾಗಿ ನೆನೆಯಬೇಕು. ವಾಲ್ಮೀಕಿಯ ಬಾಯಿಂದ ಹೊರಟುದು ಕ್ರೌಂಚಪಕ್ಷಿಯನ್ನು ಕುರಿತ ಮರುಕದ ಮಾತಲ್ಲ, ಬಾಣ ಬಿಟ್ಟ ಬೇಡನನ್ನು ಕುರಿತ ಶಾಪದ ಮಾತು. ಹಕ್ಕಿಯ ನೋವಿಗೆ ಕಾರಣನು ಯಾರೆಂಬುದನ್ನು ಆ ಶೋಕವು ಮರೆಯಲಿಲ್ಲ. ಅಂಗವಿಕಲರನ್ನು ಕುರಿತು ಕಣ್ಣೀರು ಸುರಿಸುವ ಸಾಹಿತ್ಯವು ಮರೆಯುವುದು ಇದನ್ನೇ. ಅಲ್ಲಿ ಹಕ್ಕಿಯುಂಟು, ಬಾಣವಿಲ್ಲ, ಶೋಕವುಂಟು, ಕಾರಣವಿಲ್ಲ, ಇದ್ದರೂ ಅದು ವಿಧಿಯೆಂದೋ ಪೂರ್ವಕರ್ಮವೆಂದೋ ಹೇಳಿ ಕೈತೊಳೆದುಕೊಳ್ಳುವುದು. ಪೋಲಿಯೋ ರೋಗವು ವಿಧಿಯಿಂದ ಬಂದಿತೆಂದೇ ಇಟ್ಟುಕೊಳ್ಳೋಣ. ನೆಲಮಾಳಿಗೆಯ ತರಗತಿಯು ವಿಧಿಯಿಂದ ಬಂದುದಲ್ಲ. ಹ್ಯೂಮನ್ ಅವರ ಗ್ರಂಥವು ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸುವುದರಲ್ಲಿ ಎಲ್ಲಿಯೂ ತಪ್ಪುವುದಿಲ್ಲ. ಅದರ ಸ್ಥಾಯೀಭಾವವು ಶೋಕವಲ್ಲ, ಉತ್ಸಾಹ. ನಡುನಡುವೆ ಸಂಚರಿಸುವುದು ವಿಷಾದ, ಅಮರ್ಷ, ಒಮ್ಮೊಮ್ಮೆ ಹಾಸ.

ಭಾರತೀಯ ಪರಂಪರೆಗೆ ಇಂತಹ ನಾಯಕನು ಅಪರಿಚಿತನಲ್ಲ. ಎಂಟು ಡೊಂಕಿನ ದೇಹದ ಬಾಲಕ ಅಷ್ಟಾವಕ್ರನನ್ನು ಜನಕನ ಯಜ್ಞಶಾಲೆಯ ಬಾಗಿಲಲ್ಲಿ ದ್ವಾರಪಾಲಕನು ತಡೆದ ಕಥೆಯನ್ನು ಮಹಾಭಾರತದ ವನಪರ್ವದಲ್ಲಿ ಎಲ್ಲರೂ ಓದಿರುವರು. ಬಾಲಕರಿಗೆ ಪ್ರವೇಶವಿಲ್ಲವೆಂದು ಅವನು ತಡೆದರೆ, ಅಷ್ಟಾವಕ್ರನು ಅಂಗಲಾಚಲಿಲ್ಲ. ವಾದಿಸಿ ಒಳಹೊಕ್ಕು ಬಂದಿಯನ್ನು ಗೆದ್ದನು. ವ್ಯಾಸರು ಅವನನ್ನು ಮರುಕಕ್ಕೆ ಪಾತ್ರನನ್ನಾಗಿ ಮಾಡಲಿಲ್ಲ, ವಿದ್ಯೆಗೆ ಪಾತ್ರನನ್ನಾಗಿ ಮಾಡಿದರು. ಹಾಗೆಯೇ ತೊಡೆಗಳಿಲ್ಲದ ಅರುಣನು ಸೂರ್ಯನ ರಥವನ್ನು ಪ್ರತಿದಿನ ನಡೆಸುವನೆಂದು ಪುರಾಣಗಳು ಹೇಳುವುವು. ಅನೂರು ಎಂದು ಅವನಿಗೆ ಹೆಸರು. ಬೆಳಗಾಯಿತೆಂದು ಸಂತೋಷಪಡುವ ಕವಿಗಳಲ್ಲಿ ಯಾರೂ ಅವನನ್ನು ಕಂಡು ಅಯ್ಯೋ ಪಾಪವೆನ್ನುವುದಿಲ್ಲ. ಚಕ್ರವಿರುವ ರಥವೂ ಸಮನಾದ ದಾರಿಯೂ ಇದ್ದರೆ ಕಾಲಿಲ್ಲದವನು ಲೋಕಕ್ಕೆ ಬೆಳಕನ್ನೇ ತರಬಲ್ಲನೆಂಬುದು ಈ ಕಥೆಯಿಂದ ಹೊರಡುವ ಅರ್ಥ.

ಪದವಿಯ ಅನಂತರ ಗ್ರಂಥಕರ್ತ್ರಿಗೆ ಎದುರಾದ ದ್ವಾರಪಾಲಕರು ವೈದ್ಯರು. ಉಪಾಧ್ಯಾಯಿನಿಯಾಗಬೇಕೆಂಬ ಆಸೆಯನ್ನು ಆಕೆ ವಿದ್ಯಾರ್ಥಿವೇತನ ಕೊಡುವ ಇಲಾಖೆಯ ಮುಂದೆ ಮರೆಮಾಚಿ, ಮಾತಿನ ದೋಷಗಳಿಗೆ ಚಿಕಿತ್ಸೆಮಾಡುವ ವೃತ್ತಿಯ ಹೆಸರನ್ನು ಹೇಳಬೇಕಾಗಿ ಬಂದಿತ್ತು; ಗಾಲಿಕುರ್ಚಿಯವರು ಹಿಂದೆ ಮಾಡದ ಕೆಲಸಕ್ಕೆ ಆ ಇಲಾಖೆಯು ಹಣ ಕೊಡುವುದು ಸಂದೇಹವಾಗಿತ್ತು. ಪದವಿ ಮುಗಿದು, ಲಿಖಿತ ಪರೀಕ್ಷೆಯಲ್ಲಿಯೂ ಮೌಖಿಕ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ ವೈದ್ಯಪರೀಕ್ಷೆಗೆ ಹೋದಾಗ, ಶೌಚಕ್ಕೆ ಹೋಗುವ ಬಗೆಯನ್ನು ತೋರಿಸೆಂದು ವೈದ್ಯೆಯೊಬ್ಬಳು ಕೇಳಿದಳು. ೧೯೭೦ರಲ್ಲಿ ನಗರದ ವಿದ್ಯಾಮಂಡಳಿಯು ಕಾಲುಗಳ ಪಾರ್ಶ್ವವಾಯುವನ್ನೇ ಕಾರಣವಾಗಿ ಹೇಳಿ ಅನುಮತಿಪತ್ರವನ್ನು ನಿರಾಕರಿಸಿತು. ಆಕೆ ನ್ಯಾಯಾಲಯದ ಮೆಟ್ಟಲೇರಿದರು. ಮೊಕದ್ದಮೆಯು ಕಾನ್‌ಸ್ಟೆನ್ಸ್ ಬೇಕರ್ ಮಾಟ್ಲಿ ಎಂಬ ನ್ಯಾಯಾಧೀಶೆಯ ಮುಂದೆ ಬಂದ ಮೇಲೆ ಮಂಡಳಿಯು ತನ್ನ ಹಟವನ್ನು ಬಿಟ್ಟಿತು. ಕೊನೆಗೆ ಆಕೆಗೆ ಕೆಲಸ ದೊರೆತುದು ಹಿಂದೆ ನೆಲಮಾಳಿಗೆಯ ತರಗತಿಯಲ್ಲಿ ತಾನೇ ಕಲಿತಿದ್ದ ಶಾಲೆಯಲ್ಲಿ. ಇದನ್ನು ಕವಿಯೊಬ್ಬನು ಕಲ್ಪಿಸಿದ್ದರೆ ಅತಿಯಾಯಿತೆನ್ನಬಹುದಾಗಿತ್ತು. ನಡೆದ ಸಂಗತಿಯಾದುದರಿಂದ ಒಪ್ಪಲೇಬೇಕು.

ಗ್ರಂಥದ ವಾದವು ಎಷ್ಟು ನಿಜವೆಂಬುದನ್ನು ಅದೇ ದೇಶದ ಬೇರೆ ಕಾಲೇಜುಗಳ ಚರಿತ್ರೆಯೊಡನೆ ಹೋಲಿಸಿ ನೋಡಬಹುದು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಯೋಧರು ವಿದ್ಯಾಭ್ಯಾಸವನ್ನು ಬಯಸಿದಾಗ, ಇಲ್ಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ೧೯೪೮ರಲ್ಲಿಯೇ ಟಿಮೊತಿ ನ್ಯೂಜೆಂಟ್ ಎಂಬವರು ಗಾಲಿಕುರ್ಚಿಯ ವಿದ್ಯಾರ್ಥಿಗಳಿಗಾಗಿ ಏರ್ಪಾಡನ್ನು ಪ್ರಾರಂಭಿಸಿದರು. ಇಳಿಜಾರಿನ ದಾರಿಗಳೂ ಕುರ್ಚಿಯನ್ನು ಎತ್ತಿಕೊಳ್ಳುವ ಯಂತ್ರವಿದ್ದ ಬಸ್ಸುಗಳೂ ಅಲ್ಲಿ ಬಂದುವು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ೧೯೬೨ರಲ್ಲಿ ಎಡ್ ರಾಬರ್ಟ್ಸ್ ಎಂಬ ವಿದ್ಯಾರ್ಥಿಯು ಸೇರಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೋದಿಂದ ಕತ್ತಿನ ಕೆಳಗಿನ ಬಲವನ್ನೆಲ್ಲ ಬಹುಮಟ್ಟಿಗೆ ಕಳೆದುಕೊಂಡ ಅವನು ರಾತ್ರಿಯಲ್ಲಿ ಉಸಿರಾಟಕ್ಕಾಗಿ ಕಬ್ಬಿಣದ ದೊಡ್ಡ ಯಂತ್ರದಲ್ಲಿ ಮಲಗಬೇಕು. ಅಂತಹ ಯಂತ್ರಕ್ಕೆ ಎಡೆಯಿದ್ದ ವಸತಿಗೃಹವಿಲ್ಲದುದರಿಂದ ವಿಶ್ವವಿದ್ಯಾನಿಲಯದ ಆಸ್ಪತ್ರೆಯ ಒಂದು ಭಾಗವೇ ಅವನ ವಸತಿಯಾಯಿತು. ಅವನ ಹಿಂದೆ ಇನ್ನೂ ಕೆಲವರು ಬಂದರು. ಆಸ್ಪತ್ರೆಯಲ್ಲಿ ಬಾಳಿದರೂ ತಾವು ರೋಗಿಗಳಲ್ಲ, ವಿದ್ಯಾರ್ಥಿಗಳೆಂದು ಅವರು ಸಾಧಿಸಿದರು. ೧೯೭೦ರಲ್ಲಿ ಅಂಗವಿಕಲ ವಿದ್ಯಾರ್ಥಿಗಳ ನೆರವಿಗಾಗಿ ಅಲ್ಲಿ ಒಂದು ಕಾರ್ಯಾಲಯವು ಹುಟ್ಟಿತು. ಕೆಟ್ಟ ಕುರ್ಚಿಯನ್ನು ದುರಸ್ತುಮಾಡುವುದು, ಸಂಬಳಕ್ಕೆ ಪರಿಚಾರಕರನ್ನು ಹುಡುಕಿಕೊಡುವುದು, ಮೆಟ್ಟಲಿಲ್ಲದ ಮನೆಗಳನ್ನು ಗೊತ್ತುಮಾಡುವುದು, ಇವೇ ಅದರ ಕೆಲಸಗಳು. ಇದೇ ಅನುಭವದಿಂದ ೧೯೭೨ರಲ್ಲಿ ಸ್ವತಂತ್ರ ಜೀವನ ಕೇಂದ್ರವೆಂಬ ಸಂಸ್ಥೆಯು ಬರ್ಕ್ಲಿಯಲ್ಲಿ ಸ್ಥಾಪಿತವಾಯಿತು. ಮರುವರ್ಷ ರಾಬರ್ಟ್ಸ್ ಅವರ ಕರೆಗೆ ಓಗೊಟ್ಟು ಹ್ಯೂಮನ್ ಅವರೂ ಅಲ್ಲಿಗೆ ಹೋದರು. ಬ್ರೂಕ್ಲಿನ್ನಿನಲ್ಲಿ ಒಬ್ಬಳೇ ದಿನದಿನವೂ ಬೇಡಬೇಕಾಗಿದ್ದ ಸಹಾಯವು ಇಲ್ಲಿ ವ್ಯವಸ್ಥೆಯಾಗಿತ್ತು. ಸಂಬಳದ ಪರಿಚಾರಕನಿಗೆ ಕೆಲಸ ಹೇಳಬಹುದು. ಅವನೊಡನೆ ಜಗಳವನ್ನೂ ಆಡಬಹುದು. ದಯೆಗೂ ವ್ಯವಸ್ಥೆಗೂ ಇರುವ ಅಂತರವು ಇದು.

ಭಾರತದ ನೆಲದಲ್ಲಿ ಇದೇ ವಸ್ತುವನ್ನೆತ್ತಿಕೊಂಡ ಕೃತಿಗಳಲ್ಲಿ ಎರಡನ್ನು ಹೆಸರಿಸಬಹುದು. ಸೆರೆಬ್ರಲ್ ಪಾಲ್ಸಿಯೊಡನೆ ಮುಂಬಯಿಯ ಕಾಲೇಜಿನಲ್ಲಿ ಓದಿದ ಮಾಲಿನಿ ಚಿಬ್ ಅವರು ಒಂದೇ ಬೆರಳಿನಿಂದ ಅಕ್ಷರಗಳನ್ನೊತ್ತಿ ಬರೆದ ‘ಒನ್ ಲಿಟಲ್ ಫಿಂಗರ್’ ಎಂಬ ಆತ್ಮಕಥೆ ಒಂದು. ಅವರ ಬಾಳಿನಿಂದ ಪ್ರೇರಣೆ ಪಡೆದು ಬಂಧುವಾದ ಶೋನಾಲಿ ಬೋಸ್ ಅವರು ೨೦೧೪ರಲ್ಲಿ ನಿರ್ದೇಶಿಸಿದ ‘ಮಾರ್ಗರಿಟಾ ವಿತ್ ಎ ಸ್ಟ್ರಾ’ ಎಂಬ ಚಲನಚಿತ್ರ ಮತ್ತೊಂದು. ಚಿತ್ರದ ನಾಯಿಕೆ ಲೈಲಾ ದೆಹಲಿಯ ಕಾಲೇಜಿನ ವಿದ್ಯಾರ್ಥಿನಿ. ಗಾಲಿಕುರ್ಚಿಯಲ್ಲಿ ಓಡಾಡುವಳು, ಗೆಳೆಯರ ಸಂಗೀತತಂಡಕ್ಕೆ ಹಾಡು ಬರೆಯುವಳು. ಆ ಹಾಡಿಗೆ ಬಹುಮಾನ ಬರುವುದು. ಬಹುಮಾನವನ್ನು ಸಾರುವವಳು, ಅಂಗವಿಕಲಳೊಬ್ಬಳು ಬರೆದ ಹಾಡೆಂದು ತಿಳಿದ ಮೇಲೆ ಈ ತಂಡಕ್ಕೇ ಬಹುಮಾನ ಕೊಡಬೇಕೆಂದು ತೋರಿತೆಂದು ಮರುಕದಿಂದ ಹೇಳುವಳು. ಆಗ ಲೈಲಾ ಕೊಡುವ ಉತ್ತರವು ಮಾತಲ್ಲ, ಅಸಭ್ಯವಾದ ಒಂದು ಬೆರಳಸನ್ನೆ. ಸಭ್ಯರಾದ ಪ್ರೇಕ್ಷಕರಿಗೆ ಅದು ರುಚಿಸದೆ ಹೋಗಬಹುದು. ಆದರೆ ಹಾಡನ್ನು ಹಾಡೆಂದು ಕೇಳದೆ ಹೊಗಳುವುದಕ್ಕಿಂತ ದೊಡ್ಡ ಅಸಭ್ಯತೆಯು ಬರೆಯುವವರಿಗೆ ಯಾವುದುಂಟು? ಈ ದೃಶ್ಯವು ವಿಮರ್ಶಕರಿಗೂ ಒಂದು ಎಚ್ಚರಿಕೆ: ಲೇಖಕಿಯು ಗಾಲಿಕುರ್ಚಿಯಲ್ಲಿರುವಳೆಂದು ಕೃತಿಗೆ ಹೆಚ್ಚು ಅಂಕ ಕೊಡುವುದು ಕೃತಿಯನ್ನು ಓದದಿರುವುದಕ್ಕೆ ಸಮಾನ. ಮುಂದೆ ನ್ಯೂಯಾರ್ಕಿಗೆ ಓದಲು ಹೋದ ಲೈಲಾಳಿಗೂ ಕಣ್ಣು ಕಾಣದ ಖಾನುಮ್ ಎಂಬಾಕೆಗೂ ಪ್ರೀತಿ ಬೆಳೆಯುವುದು. ಪಂಗ್ವಂಧನ್ಯಾಯವೇ ಕಥೆಯಾಗಿ ಬಂದಂತಿದ್ದರೂ ಇಲ್ಲಿ ಯಾರೂ ಯಾರ ಹೆಗಲನ್ನೂ ಏರುವುದಿಲ್ಲ. ಇಬ್ಬರಿಗೂ ಆಸೆಯುಂಟು, ಕೋಪವುಂಟು, ತಪ್ಪುಗಳುಂಟು. ಹ್ಯೂಮನ್ ಅವರ ಬಾಗಿಲು ತಟ್ಟಿದ ತರುಣನು ಕಾಣದೆ ಹೋದ ಹುಡುಗಿಯನ್ನು ಈ ಚಿತ್ರವು ಕಾಣಿಸಿಕೊಟ್ಟಿದೆ.

ಹ್ಯೂಮನ್ ಅವರ ಗ್ರಂಥಕ್ಕೆ ಮತ್ತೆ ಬಂದರೆ, ಅದರಲ್ಲಿ ದೋಷಗಳಿಲ್ಲವೆನ್ನಲಾಗದು. ಮೊದಲನೆಯದಾಗಿ, ಪ್ರಮಾಣದ ದೋಷ. ೧೯೭೭ರ ಏಪ್ರಿಲಿನಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರೂ ಅವರ ಸ್ನೇಹಿತರೂ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸರ್ಕಾರಿ ಭವನವೊಂದರ ನಾಲ್ಕನೆಯ ಅಂತಸ್ತಿನಲ್ಲಿ ಮೂರು ವಾರಗಳಿಗೂ ಮೀರಿ ಕುಳಿತು, ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಭೇದ ಮಾಡಕೂಡದೆಂಬ ೫೦೪ನೆಯ ವಿಧಿಯ ನಿಯಮಗಳಿಗೆ ಮಂತ್ರಿಯಿಂದ ಸಹಿ ಮಾಡಿಸಿದ ವೃತ್ತಾಂತವು ಹಲವು ಅಧ್ಯಾಯಗಳಲ್ಲಿ ವಿಸ್ತಾರವಾಗಿದೆ. ಅದು ರೋಮಾಂಚಕಾರಿಯೇ. ಆದರೆ ಅಷ್ಟು ಧೈರ್ಯವು ಬೆಳೆದ ಕಾಲೇಜಿನ ದಿನಗಳಿಗೆ ಕೆಲವೇ ಪುಟಗಳು ಮೀಸಲಾಗಿವೆ. ಓದಿದ ಪುಸ್ತಕಗಳು, ಕಲಿಸಿದ ಗುರುಗಳು, ಪಾಠದಲ್ಲಿ ಉಂಟಾದ ಆನಂದ, ಇವುಗಳ ಮಾತು ವಿರಳ. ವಿದ್ಯಾರ್ಥಿನಿಯ ಕಥೆಯಲ್ಲಿ ವಿದ್ಯೆಯ ಸ್ವಾರಸ್ಯವೂ ತಕ್ಕಷ್ಟು ಬರಬೇಕಾಗಿತ್ತು. ಇಲ್ಲದಿದ್ದರೆ ಮೆಟ್ಟಲುಗಳನ್ನು ದಾಟಿ ಹೋಗಿ ಪಡೆದುದೇನೆಂಬುದು ಮಸುಕಾಗುವುದು. ಎರಡನೆಯದಾಗಿ, ಕೊನೆಯ ಭಾಗದಲ್ಲಿ ಸರ್ಕಾರದಲ್ಲಿಯೂ ವಿಶ್ವಬ್ಯಾಂಕಿನಲ್ಲಿಯೂ ವಹಿಸಿದ ಪದವಿಗಳು ಒಂದರ ಹಿಂದೊಂದು ಬಂದು, ಆತ್ಮಕಥೆಯು ಕಾರ್ಯವರದಿಯ ಹತ್ತಿರಕ್ಕೆ ಸರಿಯುವುದು. ಮೂರನೆಯದಾಗಿ, ಇಬ್ಬರು ಕೂಡಿ ಬರೆದುದರಿಂದ ಶೈಲಿಯು ಎಲ್ಲೆಡೆಯಲ್ಲಿಯೂ ನಯವಾಗಿದ್ದರೂ, ಒರಟಾದ ಸ್ವಂತ ದನಿಯು ಬೇಕಾದ ಕಡೆಯಲ್ಲಿಯೂ ನಯವಾಗಿಯೇ ಉಳಿದಿದೆ. ಇಷ್ಟಾದರೂ ಗ್ರಂಥದ ಸತ್ಯವು ಈ ಕೊರತೆಗಳಿಂದ ಕುಂದುವುದಿಲ್ಲ.

ಕನ್ನಡದ ವಾಚಕನಿಗೆ ಈ ಗ್ರಂಥವು ಮತ್ತೊಂದು ವಿಚಾರವನ್ನೂ ಮುಂದಿಡುವುದು. ಅದು ಶಬ್ದಗಳ ವಿಚಾರ. ಹೆಳವ, ಕುಂಟ ಎಂಬ ಹಳೆಯ ಮಾತುಗಳು ಬೈಗುಳಾಗಿ ಹೋದುವು. ಅಂಗವಿಕಲನೆಂಬ ಮಾತನ್ನು ಬಿಟ್ಟು ಸರ್ಕಾರದ ಕಾಗದಪತ್ರಗಳಲ್ಲಿ ವಿಕಲಚೇತನನೆಂದು ಬರೆಯತೊಡಗಿದರು. ಅರ್ಥವನ್ನು ನೋಡಿದರೆ ಇದು ಹಿಂದಿನದಕ್ಕಿಂತಲೂ ಕಠಿನ. ಕಾಲಿನಲ್ಲಿದ್ದ ಊನವನ್ನು ಚೇತನಕ್ಕೇ ಅಂಟಿಸಿದಂತಾಯಿತು. ೨೦೧೫ರ ಅಂತ್ಯದಿಂದ ಹಿಂದಿಯ ಮೂಲಕ ದಿವ್ಯಾಂಗನೆಂಬ ಮಾತು ಪ್ರಚಾರಕ್ಕೆ ಬಂದಿತು. ಒಂದು ಶಬ್ದವು ಮನುಷ್ಯನನ್ನು ಕೆಳಕ್ಕೆ ತಳ್ಳಿದರೆ ಮತ್ತೊಂದು ದೇವಲೋಕಕ್ಕೆ ಏರಿಸುವುದು. ಸಹಪಾಠಿಗಳ ಸಾಲಿನಲ್ಲಿ ಕುಳ್ಳಿರಿಸುವ ಶಬ್ದವು ಅಪರೂಪ. ಹ್ಯೂಮನ್ ಅವರು ತಮ್ಮ ಹೆಸರಿನ ಶ್ಲೇಷದಿಂದ ಕೇಳಿಕೊಂಡುದು ಆ ಸಾಲನ್ನು ಮಾತ್ರ.

ಕಾನೂನಿನ ಮಟ್ಟಿಗೆ ಭಾರತವು ಹಿಂದೆ ಉಳಿದಿಲ್ಲ. ೧೯೯೫ರ ಶಾಸನದಲ್ಲಿ ಶೇಕಡ ೩ರಷ್ಟಿದ್ದ ವಿದ್ಯಾಸಂಸ್ಥೆಗಳ ಮೀಸಲು, ೨೦೧೬ರ ಹಕ್ಕುಗಳ ಶಾಸನದಲ್ಲಿ ಉನ್ನತ ಶಿಕ್ಷಣಕ್ಕೆ ಶೇಕಡ ೫ಕ್ಕೆ ಕಡಿಮೆಯಿಲ್ಲದಂತೆ ಏರಿತು. ಸರ್ಕಾರದ ಮತ್ತು ಸರ್ಕಾರದ ನೆರವು ಪಡೆದ ಕಾಲೇಜುಗಳೆಲ್ಲ ಇದಕ್ಕೆ ಒಳಪಟ್ಟಿವೆ. ಕಟ್ಟಡಗಳನ್ನು ಎಲ್ಲರೂ ಪ್ರವೇಶಿಸುವಂತೆ ಮಾಡಬೇಕೆಂಬುದನ್ನೂ ಶಾಸನವು ವಿಧಿಸಿದೆ. ಇಳಿಜಾರಿನ ಲೆಕ್ಕವೂ ಸುಲಭವಾದುದು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅರ್ಧ ಅಡಿಯ ಮೂರು ಮೆಟ್ಟಲುಗಳಿದ್ದರೆ ಹದಿನೆಂಟು ಅಡಿಯ ಇಳಿಜಾರು ಬೇಕು. ಅದಕ್ಕಿಂತ ಕಡಿದಾಗಿ ಕಟ್ಟಿದರೆ ಅದು ಕಣ್ಣಿಗೆ ಇಳಿಜಾರು, ಕುರ್ಚಿಗೆ ಗೋಡೆ. ಸೀಟು ದೊರೆತ ವಿದ್ಯಾರ್ಥಿಗೆ ತರಗತಿಯ ಬಾಗಿಲೂ ಪುಸ್ತಕಭಂಡಾರವೂ ಶೌಚಗೃಹವೂ ದೊರೆಯದಿದ್ದರೆ ಆ ಸೀಟು ಕಾಗದದ ಮೇಲಿನದೇ ಆಗುವುದು. ಹದಿನೆಂಟು ಅಡಿಯ ಗಾರೆಕೆಲಸಕ್ಕೆ ದಯಾವೀರರು ಬೇಕಾಗಿಲ್ಲ. ಅಳತೆ ತಿಳಿದ ಮೇಸ್ತ್ರಿಯೂ ಮನಸ್ಸುಳ್ಳ ಆಡಳಿತವೂ ಸಾಕು.

ಸಾಹಿತ್ಯವು ಇದರಲ್ಲಿ ಮಾಡಬೇಕಾದುದೇನೆಂದು ಕೇಳಿದರೆ, ‘ಬೀಯಿಂಗ್ ಹ್ಯೂಮನ್’ ಗ್ರಂಥವು ಉತ್ತರವನ್ನು ಕೊಟ್ಟಿದೆ. ಸಾಹಿತ್ಯವು ಇಳಿಜಾರನ್ನು ಕಟ್ಟಲಾರದು. ಆದರೆ ಮೆಟ್ಟಲನ್ನು ಕಾಣಿಸಬಲ್ಲದು. ಪ್ರತಿದಿನ ಹತ್ತಿಳಿಯುವವರಿಗೆ ಮೆಟ್ಟಲು ಕಾಣುವುದೇ ಇಲ್ಲ. ಅದರ ಮುಂದೆ ನಿಂತುಹೋದವರಿಗೆ ಮಾತ್ರ ಕಾಣುವುದು. ಅವರು ಬರೆದ ಪುಸ್ತಕವನ್ನು ಓದಿದವನಿಗೂ ಕಾಣತೊಡಗುವುದು. ಕನ್ನಡದಲ್ಲಿ ಸಾಹಿತ್ಯಸಭೆಗಳು ನೆರೆಯುವ ಭವನಗಳೂ ಗ್ರಂಥಗಳನ್ನು ಕಾಪಾಡುವ ಭಂಡಾರಗಳೂ ಎಷ್ಟೋ ಕಡೆ ಎತ್ತರದ ಜಗಲಿಯ ಮೇಲಿವೆ. ಮುಂದಿನ ಸಭೆಗೆ ಹೋಗುವ ವಾಚಕನು ಬಾಗಿಲನ್ನು ಹೊಗುವ ಮುನ್ನ ಒಂದು ಕ್ಷಣ ನಿಂತು ಮೆಟ್ಟಲುಗಳನ್ನು ಎಣಿಸಿದರೆ, ಈ ಗ್ರಂಥವನ್ನು ಓದಿದ ಶ್ರಮವು ಸಾರ್ಥಕವಾಗುವುದು.